ಅಮ್ಮನಿಲ್ಲದ ಹುಡುಗಿ, ಅಮ್ಮನಿಲ್ಲದ 16 ಮರಿಗಳು

ತಾಯಿ ತೀರಿಕೊಂಡ ಮನೆಯಲ್ಲಿ ಮಗುವನ್ನು ಹೇಗೆ ನೋಡಿಕೊಳ್ಳಬೇಕು ಎಂದು ದೊಡ್ಡವರಿಗೆ ತೋಚುವುದಿಲ್ಲ. ಕೆಲವರು ಮಗುವನ್ನು ಎಳೆದು ತಬ್ಬಿಕೊಂಡು ತಾವೇ ಅಳುತ್ತಾರೆ. ಕೆಲವರು ಕೈಗೆ ಮೊಬೈಲು ಕೊಟ್ಟು ಒಳಗಿನ ಕೋಣೆಗೆ ಕಳಿಸುತ್ತಾರೆ. ಒಂದು ನಾಯಿಮರಿ ತಂದುಕೊಡಿ, ಅದರ ಜೊತೆ ಆಡುತ್ತಾ ಮರೆಯುತ್ತದೆ ಎನ್ನುವವರೂ ಇದ್ದಾರೆ. ಈ ಕೊನೆಯ ಸಲಹೆಯನ್ನೇ ಕಥೆ ಮಾಡಿಕೊಂಡ ಸಿನಿಮಾಗಳು ಸಾಕಷ್ಟು ಬಂದಿವೆ. ದುಃಖದಲ್ಲಿ ಮುದುಡಿದ ಮಗು, ಎಲ್ಲಿಂದಲೋ ಬಂದು ಸೇರುವ ಪ್ರಾಣಿ, ಎರಡು ಗಂಟೆ ಕಳೆಯುವಷ್ಟರಲ್ಲಿ ಮಗುವಿನ ಮುಖದಲ್ಲಿ ನಗು.

1996ರಲ್ಲಿ ತೆರೆಕಂಡ ‘ಫ್ಲೈ ಅವೇ ಹೋಮ್’ ಮೇಲುನೋಟಕ್ಕೆ ಇದೇ ಸಾಲಿನ ಚಿತ್ರ. ಒಳಹೊಕ್ಕು ನೋಡಿದರೆ ಅದು ಬೇರೆ ದಾರಿ ಹಿಡಿದಿರುವುದು ಗೊತ್ತಾಗುತ್ತದೆ. ಆ ದಾರಿ ಯಾವುದು, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂದು ನೋಡುವುದಕ್ಕಾಗಿ ಈ ಚಿತ್ರದ ಹುಡುಗಿಯನ್ನು ಒಂದು ಪ್ರಕರಣವಾಗಿ ಎತ್ತಿಕೊಂಡಿದ್ದೇನೆ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹುಡುಗಿ ಚೇತರಿಸಿಕೊಳ್ಳುವುದು ಹಕ್ಕಿಗಳು ಅವಳನ್ನು ಪ್ರೀತಿಸಿದ್ದರಿಂದ ಅಲ್ಲ, ಅವಳಿಲ್ಲದೆ ಅವು ಬದುಕುವಂತಿರಲಿಲ್ಲ ಎಂಬುದರಿಂದ.

ಪ್ರಕರಣ

ಏಮಿ ಆಲ್ಡನ್‌ಗೆ 13 ವರ್ಷ. ಅಪ್ಪ ಅಮ್ಮ ಬೇರೆಯಾಗಿ ವರ್ಷಗಳೇ ಕಳೆದಿವೆ. ಅವಳು ಅಮ್ಮನ ಜೊತೆ ನ್ಯೂಜಿಲೆಂಡಿನಲ್ಲಿ ಬೆಳೆದವಳು. ಮಳೆ ಸುರಿಯುವ ಒಂದು ರಾತ್ರಿ ಕಾರು ಅಪಘಾತವಾಗಿ ಅಮ್ಮ ತೀರಿಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲಿರುವುದು ಹೆಚ್ಚುಕಡಿಮೆ ಅಪರಿಚಿತನೇ ಆಗಿಬಿಟ್ಟಿರುವ ಅಪ್ಪ ಥಾಮಸ್. ಅವನು ಅವಳನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಳ್ಳಿಗಾಡಿನ ತನ್ನ ಮನೆಗೆ ಕರೆತರುತ್ತಾನೆ. ಥಾಮಸ್ ಶಿಲ್ಪಿ, ಜೊತೆಗೆ ಏನಾದರೊಂದು ಯಂತ್ರ ಕಟ್ಟುತ್ತಲೇ ಇರುವ ಹುಚ್ಚಿನವನು. ಮನೆಯ ತುಂಬ ಲೋಹ, ವೆಲ್ಡಿಂಗ್, ಅರ್ಧಕ್ಕೆ ನಿಂತ ಕೆಲಸಗಳು. ಅವನಿಗೊಬ್ಬ ಗೆಳತಿ, ಸೂಸನ್. ಅಲ್ಲೇ ಹತ್ತಿರ ಬಡಾವಣೆ ಮಾಡಲು ಹೊರಟವರು ಬುಲ್ಡೋಜರ್ ತಂದು ಜೌಗು ನೆಲವನ್ನು ಅಗೆಯುತ್ತಿದ್ದಾರೆ.

ಅಂದರೆ ಈ ಹುಡುಗಿ ಒಂದೇ ಹೊಡೆತಕ್ಕೆ ಅಮ್ಮನನ್ನು ಮಾತ್ರ ಕಳೆದುಕೊಂಡಿಲ್ಲ. ಊರು, ಶಾಲೆ, ಗೆಳತಿಯರು, ಮನೆಯ ವಾಸನೆ, ಮಾತಿನ ಧಾಟಿ ಎಲ್ಲವೂ ಹೋಗಿವೆ. ನ್ಯೂಜಿಲೆಂಡಿಗೂ ಕೆನಡಾಕ್ಕೂ ಋತುಗಳು ಕೂಡ ತಿರುವುಮುರುವು. ಮಕ್ಕಳ ದುಃಖದ ಬಗ್ಗೆ ಮಾತಾಡುವಾಗ ಈ ಎರಡನೇ ಸುತ್ತಿನ ನಷ್ಟವನ್ನು ನಾವು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಮ್ಮಲ್ಲೂ ತಾಯಿ ಹೋದ ಮೇಲೆ ಮಗುವನ್ನು ಅಜ್ಜಿ ಮನೆಗೋ ದೊಡ್ಡಪ್ಪನ ಮನೆಗೋ ಕಳಿಸುವ ರೂಢಿ ಇದೆ. ತಿಥಿ ಮುಗಿಯುವ ಹೊತ್ತಿಗೆ ಮಗುವಿನ ಬಟ್ಟೆ ಬ್ಯಾಗಿನಲ್ಲಿ ತುಂಬಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ ಅದು. ಆದರೆ ಮಗುವಿನ ಪಾಲಿಗೆ ಅದು ಇನ್ನೊಂದು ಸಾವು.

ಏಮಿ ಕಿರುಚಾಡುವುದಿಲ್ಲ. ಮುಖ ಬಿಗಿದುಕೊಂಡು ಓಡಾಡುತ್ತಾಳೆ, ಕೇಳಿದ್ದಕ್ಕೆ ಮೊಟಕಾಗಿ ಉತ್ತರ ಕೊಡುತ್ತಾಳೆ, ಅಪ್ಪ ಹತ್ತಿರ ಬಂದರೆ ದೂರ ಸರಿಯುತ್ತಾಳೆ. ಆನಾ ಪ್ಯಾಕ್ವಿನ್ ಈ ಪಾತ್ರ ಮಾಡುವ ಹೊತ್ತಿಗೆ ‘ದಿ ಪಿಯಾನೊ’ ಚಿತ್ರಕ್ಕಾಗಿ 11ನೇ ವಯಸ್ಸಿಗೇ ಆಸ್ಕರ್ ಪಡೆದಿದ್ದಳು. ಅವಳು ಇಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ಅಳುವನ್ನು ನುಂಗುತ್ತಾಳೆ. ಮಕ್ಕಳ ದುಃಖದ ಕುರಿತು ಕೆಲಸ ಮಾಡುವವರು ಹೇಳುವುದೂ ಇದನ್ನೇ. ದೊಡ್ಡವರ ದುಃಖ ದಿನಗಟ್ಟಲೆ ಒಂದೇ ಸಮನೆ ಸುರಿದರೆ ಮಕ್ಕಳದ್ದು ಬಿಟ್ಟು ಬಿಟ್ಟು ಬರುತ್ತದೆ. ಈಗ ಆಡುತ್ತಿದ್ದ ಮಗು ಇನ್ನೊಂದು ಗಳಿಗೆಗೆ ಗೋಡೆಗೆ ಮುಖ ಮಾಡಿ ಕೂತಿರುತ್ತದೆ. ‘ಆಗಲೇ ಮರೆತೇ ಬಿಟ್ಟಿದೆ’ ಎಂದು ನೆಂಟರು ಸಮಾಧಾನಪಟ್ಟುಕೊಳ್ಳುವುದು ಅದಕ್ಕೇ, ತಪ್ಪು ತಿಳಿಯುವುದೂ ಅಲ್ಲೇ.

ಮೊಟ್ಟೆಗಳು

ಬುಲ್ಡೋಜರ್ ಹಾದುಹೋದ ನೆಲದಲ್ಲಿ ಏಮಿಗೆ ತಾಯಿಹಕ್ಕಿ ಇಲ್ಲದ ಮೊಟ್ಟೆಗಳು ಸಿಗುತ್ತವೆ. ಕೆನಡಾ ಹೆಬ್ಬಾತಿನವು, ಒಟ್ಟು 16. ಅವನ್ನು ಅವಳು ಗುಟ್ಟಾಗಿ ಕೊಟ್ಟಿಗೆಗೆ ತಂದು, ಹಳೆಯ ಮೇಜಿನ ಡ್ರಾಯರಿನಲ್ಲಿಟ್ಟು, ಬಲ್ಬಿನ ಶಾಖ ಕೊಟ್ಟು ಕಾಯುತ್ತಾಳೆ.

ಚಿತ್ರದ ಅತ್ಯಂತ ಮುಖ್ಯ ಭಾಗ ಇದು ಎಂದು ನನಗನ್ನಿಸುತ್ತದೆ, ಹಾರಾಟದ ದೃಶ್ಯಗಳಿಗಿಂತಲೂ. ಮರಿ ಇನ್ನೂ ಹೊರಬಂದಿಲ್ಲ. ಮುದ್ದಾಡಲು ಏನೂ ಇಲ್ಲ, ಕೈ ನೆಕ್ಕುವ ನಾಲಗೆ ಇಲ್ಲ, ಬಾಲ ಆಡಿಸುವವರಿಲ್ಲ. ಇರುವುದು ಬೆಚ್ಚಗಿಡಬೇಕಾದ ಕೆಲಸ ಮಾತ್ರ. ಕೆನಡಾ ಹೆಬ್ಬಾತಿನ ಮೊಟ್ಟೆ ಒಡೆಯಲು ಸುಮಾರು 28 ದಿನ ಬೇಕು. ತಾಯಿಹಕ್ಕಿ ತನ್ನ ಹೊಟ್ಟೆಯ ಬಿಸಿ ಕೊಟ್ಟು, ಕೊಕ್ಕಿನಿಂದ ಆಗಾಗ ಮೊಟ್ಟೆ ತಿರುಗಿಸುತ್ತಾ ಕೂರುತ್ತದೆ. ತಿರುಗಿಸದಿದ್ದರೆ ಒಳಗಿನ ಪಿಂಡ ಒಂದೇ ಕಡೆ ಅಂಟಿಕೊಂಡುಬಿಡಬಹುದು. ಗೂಡು ಹಾಳಾಗುವ ಹೊತ್ತಿಗೆ ಆ ದಿನಗಳಲ್ಲಿ ಎಷ್ಟು ಕಳೆದಿದ್ದವೋ ಯಾರಿಗೆ ಗೊತ್ತು. ಉಳಿದ ದಿನಗಳು ಮಾತ್ರ ಏಮಿಯ ಲೆಕ್ಕಕ್ಕೆ. ಸಾಯುವುದನ್ನು ತಡೆಯಲಾಗದೆ ಹೋದ ಹುಡುಗಿಯ ಕೈಯಲ್ಲಿ ಈಗ ತಡೆಯಬಹುದಾದ 16 ಸಾವುಗಳಿವೆ. ಅಪಘಾತದಲ್ಲಿ ತಾನು ಮಾತ್ರ ಉಳಿದ ಮಗುವಿಗೆ ಇದು ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ನಿರ್ದೇಶಕರೂ ಬಿಡಿಸಿ ಹೇಳುವುದಿಲ್ಲ. ಕ್ಯಾರಲ್ ಬ್ಯಾಲರ್ಡ್ ಮಾತಿಲ್ಲದ ದೃಶ್ಯಗಳನ್ನು ನಂಬುವ ನಿರ್ದೇಶಕ. ಛಾಯಾಗ್ರಾಹಕ ಕೇಲೆಬ್ ಡೆಶನೆಲ್ ಅವರ ಬೆಳಕು ಕೊಟ್ಟಿಗೆಯ ಒಳಗೂ ಆಕಾಶದಲ್ಲೂ ಅರ್ಧ ಕಥೆ ಹೇಳುತ್ತದೆ. ಈ ಕೆಲಸಕ್ಕೆ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರು.

ಇದೇ ಜೋಡಿ 1979ರಲ್ಲಿ ‘ದಿ ಬ್ಲ್ಯಾಕ್ ಸ್ಟಾಲಿಯನ್’ ಮಾಡಿತ್ತು. ಅಲ್ಲಿ ಹಡಗು ದುರಂತದಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗನೂ ಒಂದು ಅರಬ್ಬಿ ಕುದುರೆಯೂ ನಿರ್ಜನ ದ್ವೀಪ ಸೇರುತ್ತಾರೆ. 17 ವರ್ಷಗಳ ನಂತರ ಬ್ಯಾಲರ್ಡ್ ಅದೇ ಸನ್ನಿವೇಶಕ್ಕೆ ಮರಳಿದ್ದಾರೆ, ಆದರೆ ಒಂದು ದೊಡ್ಡ ಬದಲಾವಣೆಯೊಂದಿಗೆ. ಅಲ್ಲಿ ಬಲಿಷ್ಠ ಪ್ರಾಣಿ ಹುಡುಗನಿಗೆ ಆಸರೆ. ಇಲ್ಲಿ ಪ್ರಾಣಿಗಳಿಗೇ ಆಸರೆ ಬೇಕು.

ಮರಿಗಳು ಏಕೆ ಅವಳ ಹಿಂದೆ ಬಿದ್ದವು

ಹೆಬ್ಬಾತಿನ ಮರಿ ಮೊಟ್ಟೆಯೊಡೆದು ಬಂದ ಮೊದಲ ಒಂದೆರಡು ದಿನದೊಳಗೆ ಎದುರಿಗೆ ಓಡಾಡುವ ಜೀವವನ್ನು ತಾಯಿಯೆಂದು ಮನಸ್ಸಿಗೆ ಅಚ್ಚೊತ್ತಿಕೊಳ್ಳುತ್ತದೆ. ಆಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ 1930ರ ದಶಕದಲ್ಲಿ ಬೂದು ಹೆಬ್ಬಾತುಗಳ ಮೇಲೆ ಇದನ್ನು ವಿವರವಾಗಿ ದಾಖಲಿಸಿದರು. ತಾವು ಮುಂದೆ, ಮರಿಗಳ ಸಾಲು ಹಿಂದೆ, ಹೀಗೆ ನಡೆದು ಹೋಗುವ ಅವರ ಫೋಟೊ ಜೀವಶಾಸ್ತ್ರದ ಎಷ್ಟೋ ಪಠ್ಯಪುಸ್ತಕಗಳಲ್ಲಿದೆ. 1973ರಲ್ಲಿ ಅವರಿಗೆ ನೊಬೆಲ್ ಬಂತು.

ಇಲ್ಲಿಂದ ಕಥೆ ಮನುಷ್ಯರ ಮಕ್ಕಳ ಕಡೆಗೆ ತಿರುಗುತ್ತದೆ. ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ ತಾಯಿಯಿಂದ ಬೇರ್ಪಟ್ಟ ಮಕ್ಕಳನ್ನು ನೋಡುತ್ತಿದ್ದವರು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲು ಕೊಡುತ್ತಾಳೆ ಎಂಬ ಕಾರಣಕ್ಕೆ ಎಂದು ಆ ಕಾಲದ ಪಂಡಿತರು ನಂಬಿದ್ದರು. 1950ರ ದಶಕದ ಆರಂಭದಲ್ಲಿ ಬೌಲ್ಬಿ ಲೊರೆನ್ಜ್ ಅವರ ಹೆಬ್ಬಾತುಗಳ ಬಗ್ಗೆ ಓದಿದರು. ಹೆಬ್ಬಾತಿನ ಮರಿ ತನ್ನ ಆಹಾರವನ್ನು ತಾನೇ ಮೇಯುತ್ತದೆ, ತಾಯಿ ಏನನ್ನೂ ಉಣಿಸುವುದಿಲ್ಲ. ಆದರೂ ಅದು ತಾಯಿಯನ್ನು ಬಿಟ್ಟಿರುವುದಿಲ್ಲ. ಹಾಗಾದರೆ ಹಚ್ಚಿಕೊಳ್ಳುವುದಕ್ಕೂ ಹೊಟ್ಟೆಗೂ ಸಂಬಂಧ ಇರಲೇಬೇಕೆಂದಿಲ್ಲ. ಅದು ಹಸಿವಿನಷ್ಟೇ ಮೂಲಭೂತವಾದ, ತನ್ನಷ್ಟಕ್ಕೆ ತಾನೇ ನಿಲ್ಲುವ ಒಂದು ಅಗತ್ಯ. ಮಕ್ಕಳ ಬಾಂಧವ್ಯದ ಬಗ್ಗೆ ಬೌಲ್ಬಿ ಕಟ್ಟಿದ ಸಿದ್ಧಾಂತಕ್ಕೆ ಈ ಓದು ದೊಡ್ಡ ಒತ್ತಾಸೆಯಾಯಿತು. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಕುಸಿಯುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ಒಳಗೇ ಬಾಗಿಲು ಹಾಕಿಕೊಳ್ಳುತ್ತದೆ ಎಂಬ ಅವರ ಮಾತಿನ ಮೂರನೇ ಘಟ್ಟದಲ್ಲಿ ಏಮಿ ನಮಗೆ ಸಿಗುತ್ತಾಳೆ.

ಹೆಬ್ಬಾತಿನ ಮರಿಗಳನ್ನು ನೋಡಿ ಅಗಲಿಕೆಯ ದುಃಖವನ್ನು ಅರ್ಥಮಾಡಿಕೊಂಡ ವಿಜ್ಞಾನ ಒಂದು ಕಡೆ. ಅಗಲಿಕೆಯ ದುಃಖದಲ್ಲಿರುವ ಹುಡುಗಿಯ ಹಿಂದೆ ಹೆಬ್ಬಾತಿನ ಮರಿಗಳು ಬೀಳುವ ಸಿನಿಮಾ ಇನ್ನೊಂದು ಕಡೆ. ಚಿತ್ರ ಮಾಡಿದವರಿಗೆ ಈ ಸಂಬಂಧ ತಿಳಿದಿತ್ತೋ ಇಲ್ಲವೋ, ತೆರೆಯ ಮೇಲಂತೂ ಅದು ಕೂಡಿಬಂದಿದೆ. ಬಾಗಿಲು ಹಾಕಿಕೊಂಡ ಮಗುವಿನ ಬಾಗಿಲನ್ನು ದೊಡ್ಡವರು ಎಷ್ಟು ತಟ್ಟಿದರೂ ಅದು ತೆರೆಯಲಿಲ್ಲ. ಮರಿಗಳು ತಟ್ಟುವುದೇ ಇಲ್ಲ. ಅವಳು ನಡೆದರೆ ನಡೆಯುತ್ತವೆ, ನಿಂತರೆ ನಿಲ್ಲುತ್ತವೆ. ‘ಹೇಗಿದ್ದೀಯಮ್ಮಾ’ ಎಂದು ಕೇಳುವುದಿಲ್ಲ, ಪಾಪ ಎಂದು ತಲೆ ಸವರುವುದಿಲ್ಲ. ಕನಿಕರದ ಕಣ್ಣುಗಳ ನಡುವೆ ಬದುಕುವ ಮಗುವಿಗೆ ಕನಿಕರವಿಲ್ಲದ ಈ ಸಂಗದಲ್ಲಿ ಎಷ್ಟು ನೆಮ್ಮದಿ ಇರಬೇಕು!

ರೆಕ್ಕೆ ಕತ್ತರಿಸಲು ಬಂದವನು

ವನ್ಯಜೀವಿ ಇಲಾಖೆಯ ಗ್ಲೆನ್ ಮನೆಗೆ ಬರುತ್ತಾನೆ. ಸಾಕಿದ ಹೆಬ್ಬಾತುಗಳು ಹಾರದಂತೆ ರೆಕ್ಕೆಯ ತುದಿ ಕತ್ತರಿಸಬೇಕೆಂದು ನಿಯಮವಿದೆ ಎನ್ನುತ್ತಾನೆ. ಹೇಳಿ ಸುಮ್ಮನಿರದೆ ಒಂದು ಮರಿಯನ್ನು ಹಿಡಿದು ತೋರಿಸಲು ಹೊರಡುತ್ತಾನೆ. ಏಮಿ ಸಿಡಿಯುತ್ತಾಳೆ, ಥಾಮಸ್ ಅವನನ್ನು ಹೊರಗಟ್ಟುತ್ತಾನೆ, ಏಮಿ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ.

ಪ್ರಕರಣದ ತಿರುವು ಇಲ್ಲಿದೆ. ಈವರೆಗೆ ನುಂಗಿಕೊಂಡದ್ದೆಲ್ಲ ಹೊರಗೆ ಬರುವುದು ಮರಿಗಳ ನೆಪದಲ್ಲಿ. ತನಗಾಗಿ ಜಗಳವಾಡಲು ಬಾರದ ಮಗು ಮರಿಗಳಿಗಾಗಿ ಜಗಳವಾಡುತ್ತದೆ. ಮೊದಲ ಬಾರಿಗೆ ಅಪ್ಪ ಮಗಳ ಪಕ್ಷ ವಹಿಸುತ್ತಾನೆ. ಇದು ಮಾತಿನಲ್ಲಿ ಹೇಳಿದ ಪ್ರೀತಿಗಿಂತ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಗ್ಲೆನ್‌ನನ್ನು ಚಿತ್ರ ಖಳನಾಯಕನನ್ನಾಗಿ ಮಾಡಿದೆ. ಅದು ನನಗೆ ಒಪ್ಪಿಗೆಯಿಲ್ಲ. ಅವನ ರೀತಿ ಒರಟು, ಕೇಳುವ ಪ್ರಶ್ನೆ ಮಾತ್ರ ಸರಿಯಾದದ್ದೇ. ಹೆಬ್ಬಾತುಗಳ ಮರಿಗಳಿಗೆ ವಲಸೆಯ ದಾರಿ ಹುಟ್ಟಿನಿಂದ ಬರುವುದಿಲ್ಲ. ಮೊದಲ ಶರತ್ಕಾಲದಲ್ಲಿ ತಾಯ್ತಂದೆಯರ ಜೊತೆ ಹಾರಿ ಕಲಿಯುತ್ತವೆ. ದಾರಿ ತೋರಿಸುವವರಿಲ್ಲದ 16 ಹಕ್ಕಿಗಳು ಚಳಿ ಶುರುವಾದಾಗ ದಿಕ್ಕು ತಿಳಿಯದೆ ಎತ್ತಲೋ ಹಾರಿ ಸಾಯುತ್ತವೆ, ಇಲ್ಲವೇ ಮನುಷ್ಯರ ಅಂಗಳದಲ್ಲೇ ಉಳಿದು ಕಾಡುಹಕ್ಕಿಯಾಗುವುದನ್ನೇ ಮರೆಯುತ್ತವೆ. ಏಮಿ ಅವುಗಳ ಜೀವ ಉಳಿಸಿದ್ದು ನಿಜ. ಉಳಿಸಿದ ಜೀವಕ್ಕೆ ಮುಂದೇನು ಎಂಬ ಜವಾಬ್ದಾರಿ ಅವಳ ಮೇಲೆ ಬಿದ್ದದ್ದೂ ನಿಜ. ಒಂಟಿ ಮಗುವಿಗೆ ಪ್ರಾಣಿ ತಂದುಕೊಡುವ ಮುನ್ನ ನಾವು ಕೇಳಿಕೊಳ್ಳದ ಪ್ರಶ್ನೆ ಇದು. ತಂದ ನಾಯಿಮರಿಗೆ ಆರು ತಿಂಗಳ ನಂತರ ಗತಿ ಯಾರು?

ಅಪ್ಪ

ಥಾಮಸ್‌ನ ಉತ್ತರ ಅವನ ಸ್ವಭಾವಕ್ಕೆ ತಕ್ಕದ್ದು. ದಾರಿ ತೋರಿಸಲು ಹಕ್ಕಿ ಇಲ್ಲವೆಂದರೆ ವಿಮಾನವೇ ತೋರಿಸಲಿ. ಅಲ್ಟ್ರಾಲೈಟ್ ಎಂಬ ಪುಟ್ಟ ತೆರೆದ ವಿಮಾನದಲ್ಲಿ ತಾನು ಮುಂದೆ ಹಾರಿದರೆ ಹೆಬ್ಬಾತುಗಳು ಹಿಂದೆ ಬರುತ್ತವೆ ಎಂದು ಅವನ ಎಣಿಕೆ. ಅವು ಬರುವುದಿಲ್ಲ. ಅವುಗಳ ಅಮ್ಮ ಅವನಲ್ಲವಲ್ಲ. ಏಮಿ ಹಾರಿದರೆ ಮಾತ್ರ ಬರುತ್ತವೆ. ಆದ್ದರಿಂದ ಅವನು ಮಗಳಿಗಾಗಿ ಹೆಬ್ಬಾತಿನ ರೂಪದ ಇನ್ನೊಂದು ವಿಮಾನ ಕಟ್ಟುತ್ತಾನೆ, ಹಾರುವುದನ್ನು ಕಲಿಸುತ್ತಾನೆ.

ಗಮನಿಸಿ, ಇಲ್ಲಿ ಯಾರೂ ಅಮ್ಮನ ಸ್ಥಾನಕ್ಕೆ ಬರಲು ಹವಣಿಸುವುದಿಲ್ಲ. ಸೂಸನ್‌ಗೆ ಆ ಆಸೆಯಿಲ್ಲ, ಅವಳು ಸ್ವಲ್ಪ ದೂರದಲ್ಲೇ ನಿಂತು ಬೇಕಾದಾಗ ಕೈ ಕೊಡುತ್ತಾಳೆ. ಅಪ್ಪ ‘ಇನ್ನು ಮುಂದೆ ನಾನೇ ನಿನಗೆ ಅಪ್ಪ ಅಮ್ಮ ಎರಡೂ’ ಎನ್ನುವುದಿಲ್ಲ. ಅವನು ಮಗಳ ದುಃಖದ ಬಗ್ಗೆ ಮಾತಾಡಲು ಬಾರದ ಮನುಷ್ಯ. ತನಗೆ ಬರುವುದನ್ನು ಮಾಡುತ್ತಾನೆ: ಕೊಳವೆ ಬೆಸೆಯುತ್ತಾನೆ, ಬಟ್ಟೆ ಹೊಲಿಸುತ್ತಾನೆ, ಎಂಜಿನ್ ಕೂರಿಸುತ್ತಾನೆ. ಮಗಳು ಹಿಡಿದಿರುವ ಕೆಲಸದ ಇನ್ನೊಂದು ತುದಿಯನ್ನು ಹಿಡಿಯುತ್ತಾನೆ. ಇಬ್ಬರೂ ಎದುರುಬದುರು ಕೂತು ಮನಸ್ಸು ಬಿಚ್ಚಿದ್ದರಿಂದ ಹತ್ತಿರವಾದವರಲ್ಲ, ಪಕ್ಕಪಕ್ಕ ನಿಂತು ಕೆಲಸ ಮಾಡಿ ಹತ್ತಿರವಾದವರು. ನಮ್ಮ ಹಳ್ಳಿಮನೆಗಳ ಗಂಡಸರಿಗೆ ಈ ಅಪ್ಪ ಚೆನ್ನಾಗಿ ಅರ್ಥವಾಗುತ್ತಾನೆ. ಹೆಂಡತಿ ತೀರಿದ ಮೇಲೆ ಮಕ್ಕಳ ಮುಂದೆ ಒಂದು ಮಾತೂ ಆಡದೆ, ಬೆಳಗ್ಗೆ ಎದ್ದು ಮಗಳ ಜಡೆ ಹಾಕಲು ಒದ್ದಾಡುವ ಅಪ್ಪಂದಿರು ಎಷ್ಟು ಮಂದಿ ಇಲ್ಲ.

ತಂದೆ ಅಥವಾ ತಾಯಿ ತೀರಿದ ಮಕ್ಕಳನ್ನು ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅಮೆರಿಕದ ಬಾಸ್ಟನ್ ಸುತ್ತಮುತ್ತ ಎರಡು ವರ್ಷಗಳವರೆಗೆ ಅಧ್ಯಯನ ಮಾಡಿದ್ದರು. 70 ಕುಟುಂಬಗಳು, 125 ಮಕ್ಕಳು. ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಬದುಕುಳಿದ ತಂದೆ ಅಥವಾ ತಾಯಿ ಹೇಗೆ ನಡೆದುಕೊಳ್ಳುತ್ತಾರೆ, ಮನೆ ಹೇಗೆ ಸಾಗುತ್ತದೆ ಎಂಬುದರ ಮೇಲೆ ಎಲ್ಲಕ್ಕಿಂತ ಹೆಚ್ಚು ನಿಂತಿದೆ ಎಂಬುದು ಅವರಿಗೆ ಕಂಡಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ನೋಡಿದರೆ ಹೆಬ್ಬಾತುಗಳಷ್ಟೇ ಥಾಮಸ್‌ ಕೂಡ ಮುಖ್ಯನಾಗುತ್ತಾನೆ. ಜೆಫ್ ಡೇನಿಯಲ್ಸ್ ಅವನನ್ನು ಆದರ್ಶ ತಂದೆಯನ್ನಾಗಿ ಮಾಡದೆ, ತಡವರಿಸುವ, ಅವಸರದ, ಒಮ್ಮೊಮ್ಮೆ ಮಗಳಿಗಿಂತ ಚಿಕ್ಕವನಂತೆ ಕಾಣುವ ಮನುಷ್ಯನನ್ನಾಗಿ ಉಳಿಸಿಕೊಂಡಿದ್ದಾರೆ.

ಹಾರಾಟ ಮತ್ತು ಬಿಡುಗಡೆ

ಒಂಟಾರಿಯೊದಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾದ ಜೌಗು ನೆಲದವರೆಗಿನ ಪ್ರಯಾಣವನ್ನು ಚುಟುಕಾಗಿ ಹೇಳುತ್ತೇನೆ. ಕುಂಟುವ ಈಗರ್ ಎಂಬ ಹೆಬ್ಬಾತು ತಪ್ಪಿಸಿಕೊಂಡು, ಇವರು ಹುಡುಕಲು ಹೋದಾಗ ಗ್ಲೆನ್ ಉಳಿದ ಹಕ್ಕಿಗಳನ್ನು ವಶಪಡಿಸಿಕೊಳ್ಳುತ್ತಾನೆ. ಅವನ್ನು ಬಿಡಿಸಿಕೊಂಡು ಹೊರಡುತ್ತಾರೆ. ಅಮೆರಿಕದ ವಾಯುಪಡೆಯ ನೆಲೆಯಲ್ಲಿ ಇಳಿದು ಸಿಕ್ಕಿಬೀಳುತ್ತಾರೆ, ಸುದ್ದಿಯಾಗುತ್ತಾರೆ. ಮಂಜಿನಲ್ಲಿ ಬಾಲ್ಟಿಮೋರ್ ನಗರದ ಎತ್ತರದ ಕಟ್ಟಡಗಳ ನಡುವೆ ವಿಮಾನಗಳೂ ಹಕ್ಕಿಗಳೂ ನುಸುಳಿ ಬರುವ ದೃಶ್ಯವನ್ನು ದೊಡ್ಡ ಪರದೆಯಲ್ಲೇ ನೋಡಬೇಕು.

ಗುರಿ ಇನ್ನು 30 ಮೈಲಿ ಇರುವಾಗ ಥಾಮಸ್‌ನ ವಿಮಾನ ಮುರಿದು ಜೋಳದ ಹೊಲಕ್ಕೆ ಬೀಳುತ್ತದೆ. ಅವನ ಭುಜ ಕಳಚಿದೆ. ಮುಂದೆ ಏಮಿ ಒಬ್ಬಳೇ ಹೋಗಬೇಕು. ಅವಳಿಗೆ ದಾರಿ ಸಿಕ್ಕೀತೇ ಎಂಬ ಭಯ. ಆಗ ಅಪ್ಪ ಅವಳ ಅಮ್ಮನ ಮಾತೆತ್ತುತ್ತಾನೆ. ಅಮ್ಮ ನಿನ್ನ ಪಕ್ಕದಲ್ಲೇ ಇದ್ದಾಳೆ, ಈ ಹಕ್ಕಿಗಳಲ್ಲಿದ್ದಾಳೆ, ಆಕಾಶದಲ್ಲಿದ್ದಾಳೆ ಎಂಬರ್ಥದ ಮಾತು. ಎಲ್ಲ ಭಾಷೆಯ ಸಿನಿಮಾಗಳಲ್ಲೂ ಸವೆದು ಹೋದ ಮಾತು ಇದು. ಆದರೂ ಇಲ್ಲಿ ನಾಟುತ್ತದೆ, ಏಕೆಂದರೆ ಅದು ಬಂದಿರುವ ಹೊತ್ತು ಸರಿಯಾಗಿದೆ. ಸಾವಾದ ಮೊದಲ ವಾರ ಮಗುವಿನ ಕಿವಿಗೆ ಇದನ್ನು ತುರುಕಿದ್ದರೆ ಬಾಯಿ ಮುಚ್ಚಿಸುವ ಮಾತಾಗುತ್ತಿತ್ತು. ತಿಂಗಳುಗಟ್ಟಲೆ ಜೊತೆಗಿದ್ದು, ಜೊತೆಗೆ ಹಾರಿ, ಜೊತೆಗೆ ಬಿದ್ದ ಮೇಲೆ ಹೇಳಿದ್ದರಿಂದ ಅದು ಅವಳ ಕೈಗೆ ಕೊಟ್ಟ ಬುತ್ತಿಯಾಗಿದೆ.

ಸತ್ತವರಿಂದ ಮನಸ್ಸು ಬಿಡಿಸಿಕೊಂಡರೇ ದುಃಖ ಮುಗಿದಂತೆ ಎಂದು ಮನೋವಿಜ್ಞಾನ ಬಹುಕಾಲ ಹೇಳುತ್ತಿತ್ತು. ಈ ಚಿತ್ರ ಬಂದ 1996ರಲ್ಲೇ ಡೆನಿಸ್ ಕ್ಲಾಸ್, ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಆ ನಂಬಿಕೆಯನ್ನು ಪ್ರಶ್ನಿಸಿದರು. ಹೋದವರ ಜೊತೆಗಿನ ಸಂಬಂಧ ಕಡಿಯಬೇಕಿಲ್ಲ, ಅದು ರೂಪ ಬದಲಿಸಿ ಮುಂದುವರಿಯುತ್ತದೆ, ಅದು ಆರೋಗ್ಯಕರವೇ ಎಂದರು. ವರ್ಷ ವರ್ಷ ಎಡೆ ಇಟ್ಟು ಹಿರಿಯರನ್ನು ಕರೆಯುವ ನಮ್ಮ ಮನೆಗಳಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಆದರೆ ನಮ್ಮ ಎಡೆಯ ಮುಂದೆ ಮಗುವಿಗೆ ಮಾತಾಡಲು ಅವಕಾಶ ಕೊಡುತ್ತೇವೆಯೇ? ಅಮ್ಮನಿಗೆ ಯಾವ ಪಲ್ಯ ಇಷ್ಟವಿತ್ತು ಎಂದು ಮಗುವನ್ನೇ ಕೇಳುತ್ತೇವೆಯೇ?

ಇನ್ನೊಂದು ವಿಷಯ. ಈ ಹುಡುಗಿ ಹಕ್ಕಿಗಳನ್ನು ಮುಟ್ಟಿಸುತ್ತಿರುವುದು ತನ್ನಿಂದ ದೂರಕ್ಕೆ. ಅವಳ ತಾಯ್ತನ ಗೆದ್ದಿತು ಎನ್ನಬೇಕಾದರೆ ಅವು ಅವಳನ್ನು ಬಿಟ್ಟು ಬದುಕಬೇಕು. ಅಮ್ಮನಿಂದ ಬಿಟ್ಟುಹೋಗಲ್ಪಟ್ಟ ಮಗು ಈಗ ತಾನೇ ಬಿಟ್ಟುಕೊಡುವವಳಾಗಬೇಕು, ಅದೂ ಪ್ರೀತಿ ಕಡಿಮೆಯಾಗದೆ. ಬಿಟ್ಟುಹೋದದ್ದೆಲ್ಲ ತೊರೆದು ಹೋದದ್ದಲ್ಲ ಎಂಬುದನ್ನು ಅವಳು ಕೈಯಾರೆ ಮಾಡಿ ತಿಳಿಯುತ್ತಾಳೆ. ದುಃಖಿತ ಮಗು ಮತ್ತು ಪ್ರಾಣಿಯ ಕಥೆ ಹೇಳುವ ಹೆಚ್ಚಿನ ಚಿತ್ರಗಳು ಪ್ರಾಣಿಯನ್ನು ಮಗುವಿನ ಬಳಿಯೇ ಉಳಿಸಿ ಮುಗಿಯುತ್ತವೆ, ಇಲ್ಲವೇ ಪ್ರಾಣಿಯನ್ನು ಸಾಯಿಸಿ ಅಳಿಸುತ್ತವೆ. ಈ ಚಿತ್ರ ಎರಡನ್ನೂ ಮಾಡುವುದಿಲ್ಲ.

ನಿಜವಾಗಿ ನಡೆದದ್ದು

ಚಿತ್ರದ ಬೇರು ಬಿಲ್ ಲಿಷ್‌ಮನ್ ಎಂಬ ಕೆನಡಾದ ಶಿಲ್ಪಿಯ ಬದುಕಿನಲ್ಲಿದೆ. ಒಂಟಾರಿಯೊದಲ್ಲಿ ನೆಲದೊಳಗೆ ಗುಮ್ಮಟಗಳ ಮನೆ ಕಟ್ಟಿಕೊಂಡು ಬದುಕಿದ ಮನುಷ್ಯ ಅವರು. ಹಕ್ಕಿಗಳ ಜೊತೆ ಹಾರಬೇಕೆಂಬ ಹಂಬಲದಿಂದ 1988ರಲ್ಲಿ ಸಾಕಿದ ಹೆಬ್ಬಾತುಗಳನ್ನು ಅಲ್ಟ್ರಾಲೈಟ್ ಹಿಂದೆ ಹಾರಿಸಿದರು. 1993ರಲ್ಲಿ ಅವರೂ ಜೋ ಡಫ್ ಅವರೂ ಎರಡು ವಿಮಾನಗಳಲ್ಲಿ 18 ಹೆಬ್ಬಾತುಗಳನ್ನು ಒಂಟಾರಿಯೊದಿಂದ ವರ್ಜೀನಿಯಾಕ್ಕೆ, ಸುಮಾರು 640 ಕಿಲೋಮೀಟರ್ ದೂರ, ಕರೆದೊಯ್ದರು. ಮುಂದಿನ ವಸಂತದಲ್ಲಿ ಹೆಚ್ಚಿನ ಹಕ್ಕಿಗಳು ಯಾರ ನೆರವೂ ಇಲ್ಲದೆ ಮರಳಿ ಬಂದವು. ಒಮ್ಮೆ ತೋರಿಸಿದರೆ ಸಾಕು, ದಾರಿ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅಂದು ರುಜುವಾತಾಯಿತು.

ತಾಯಿ ಸತ್ತ ಹುಡುಗಿ ಈ ನಿಜಕಥೆಯಲ್ಲಿಲ್ಲ. ಲಿಷ್‌ಮನ್ ಮನೆಯಲ್ಲಿ ಹೆಂಡತಿ ಮಕ್ಕಳು ಎಲ್ಲರೂ ಇದ್ದರು. ರಾಬರ್ಟ್ ರೋಡಾಟ್ ಮತ್ತು ವಿನ್ಸ್ ಮೆಕ್‌ಕ್ಯೂಯಿನ್ ಬರೆದ ಚಿತ್ರಕಥೆಯೇ ಏಮಿಯನ್ನು ತಂದದ್ದು. ಶಿಲ್ಪಿಯ ಸಾಹಸವನ್ನೇ ತೆಗೆದಿದ್ದರೆ ಅದೊಂದು ಒಳ್ಳೆಯ ಸಾಕ್ಷ್ಯಚಿತ್ರವಾಗುತ್ತಿತ್ತು. ಹಕ್ಕಿಗಳಿಗೆ ತಾಯಿ ಬೇಕು ಎಂಬ ಜೀವಶಾಸ್ತ್ರದ ಸಂಗತಿಯ ಎದುರು ತಾಯಿ ಬೇಕಾದ ಮಗುವನ್ನು ನಿಲ್ಲಿಸಿದ್ದೇ ಬರಹಗಾರರ ಜಾಣ್ಮೆ.

ಲಿಷ್‌ಮನ್ ಮತ್ತು ಡಫ್ ಅಲ್ಲಿಗೆ ನಿಲ್ಲಲಿಲ್ಲ. ಅವರು ಕಟ್ಟಿದ ‘ಆಪರೇಷನ್ ಮೈಗ್ರೇಷನ್’ ಸಂಸ್ಥೆ 2001ರಲ್ಲಿ ವೂಪಿಂಗ್ ಕ್ರೇನ್ ಎಂಬ ಅಪರೂಪದ ಕ್ರೌಂಚಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ, ಸುಮಾರು 1,900 ಕಿಲೋಮೀಟರ್, ದಾರಿ ತೋರಿಸಿ ಕರೆದೊಯ್ದಿತು. 1941ರ ಹೊತ್ತಿಗೆ ಕಾಡಿನಲ್ಲಿ ಬರೀ 21ಕ್ಕೆ ಇಳಿದಿದ್ದ ಹಕ್ಕಿ ಅದು. ಅವು ಮನುಷ್ಯರನ್ನು ಹಚ್ಚಿಕೊಳ್ಳಬಾರದೆಂದು ಸಾಕುವವರು ಅಡಿಯಿಂದ ಮುಡಿವರೆಗೆ ಬಿಳಿ ನಿಲುವಂಗಿ ತೊಟ್ಟು, ಕೈಗೆ ಕ್ರೌಂಚದ ತಲೆಯ ಗೊಂಬೆ ಹಾಕಿಕೊಂಡು, ತುಟಿಪಿಟಕ್ಕೆನ್ನದೆ ಮರಿಗಳಿಗೆ ಮೇಯಲು ಕಲಿಸುತ್ತಿದ್ದರು. ಏಮಿಯ ರೀತಿಗೆ ತೀರ ವಿರುದ್ಧ. ವಲಸೆಯನ್ನಂತೂ ಹಕ್ಕಿಗಳು ಕಲಿತವು. ಆದರೆ ದೊಡ್ಡವಾದ ಮೇಲೆ ತಮ್ಮ ಮರಿಗಳನ್ನು ಬೆಳೆಸುವುದರಲ್ಲಿ ಹಿಂದೆ ಬಿದ್ದವು. ಗೂಡಿನ ಸುತ್ತ ಕಾಡುವ ಕರಿ ನೊಣಗಳೂ ಅದಕ್ಕೆ ಒಂದು ಕಾರಣ. ತಾಯ್ತಂದೆಯರ ಜೊತೆ ಬೆಳೆಯದ ಹಕ್ಕಿಗೆ ತಾಯ್ತನ ಕಲಿಯುವ ಅವಕಾಶ ತಪ್ಪಿರಬಹುದೆಂಬ ಶಂಕೆಯೂ ಬಲವಾಯಿತು. 2016ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ವಿಮಾನದ ವಲಸೆಯನ್ನು ನಿಲ್ಲಿಸಿತು. 2017ರ ಕೊನೆಯಲ್ಲಿ ಲಿಷ್‌ಮನ್ ತೀರಿಕೊಂಡರು.

ಈ ಮುಂದುವರಿದ ಕಥೆ ತಿಳಿದ ಮೇಲೆ ಚಿತ್ರದ ಬಗ್ಗೆ ನನ್ನ ಗೌರವ ಕಡಿಮೆಯಾಗಿಲ್ಲ, ಆದರೆ ಗ್ಲೆನ್‌ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ. ಅಳಿವಿನಂಚಿನ ಹಕ್ಕಿಯ ವಿಷಯದಲ್ಲಿ ಪ್ರೀತಿಯೊಂದೇ ಸಾಲದು ಎಂಬುದನ್ನು ಸ್ವತಃ ಲಿಷ್‌ಮನ್ ತಂಡವೇ ಬಿಳಿ ನಿಲುವಂಗಿ ತೊಟ್ಟು ಒಪ್ಪಿಕೊಂಡಿತ್ತು.

ಕರ್ನಾಟಕದವರಿಗೆ ಏಮಿಯ ಹೆಬ್ಬಾತುಗಳ ದಾಯಾದಿಗಳು ಹೊಸಬರಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿತು. ಅಲ್ಲಿ ಇಳಿಯುವ ಹಿಂಡಿನಲ್ಲೂ ಮೊದಲ ಸಲ ಬಂದ ಮರಿಗಳಿರುತ್ತವೆ, ಹಿರಿಯ ಹಕ್ಕಿಗಳ ಬೆನ್ನು ಹಿಡಿದು ದಾರಿ ಕಲಿತವು. ದಾರಿ ತೋರಿಸುವವರು ನಡುವೆ ಬಿದ್ದುಹೋದರೆ ಮರಿಗೆ ಆಗುವ ನಷ್ಟವೇನು ಎಂಬುದು ಅಲ್ಲಿ ನಿಂತು ನೋಡಿದಾಗ ಇನ್ನಷ್ಟು ಮನಸ್ಸಿಗೆ ತಟ್ಟುತ್ತದೆ.

ಕೊರತೆಗಳು, ಮತ್ತು ಮಕ್ಕಳಿಗೆ ತೋರಿಸುವುದಾದರೆ

ಚಿತ್ರದ ಕೊನೆಯ ಭಾಗದಲ್ಲಿ, ಹಕ್ಕಿಗಳು ತಲುಪಬೇಕಾದ ನಾರ್ತ್ ಕ್ಯಾರೊಲೈನಾದ ಜೌಗಿನ ಬಳಿ ಅಲ್ಲಿನ ಬಡಾವಣೆಯವರು ಯಂತ್ರ ತಂದು ನಿಲ್ಲಿಸಿಕೊಂಡು ಕಾಯುವುದು, ಹಕ್ಕಿಗಳು ಗಡುವಿನೊಳಗೆ ಬಂದರೆ ಜೌಗು ಉಳಿಯುತ್ತದೆ ಎಂಬ ಪೈಪೋಟಿ, ಸೇರಿದ ಜನರ ಜೈಕಾರ, ಇವೆಲ್ಲ ಕಥೆಗೆ ಬೇಡವಾಗಿತ್ತು. ಒಂದು ಹುಡುಗಿಯ ಒಳಗಿನ ಪ್ರಯಾಣಕ್ಕೆ ಹೊರಗಿನ ಗಡಿಯಾರ ಕಟ್ಟಿದಂತಾಗಿದೆ. 13 ವರ್ಷದ ಮಗುವನ್ನು ಒಂಟಿಯಾಗಿ ವಿಮಾನದಲ್ಲಿ ಕಳಿಸುವ ಅಪ್ಪನ ವಿವೇಕವನ್ನೂ ಚಿತ್ರ ಗಂಭೀರವಾಗಿ ಪ್ರಶ್ನಿಸುವುದಿಲ್ಲ. ಏಮಿಗೆ ಶಾಲೆಯ ಗೆಳೆತನ ಬೆಳೆಯುವುದನ್ನು ತೋರಿಸಿದ್ದರೆ ಚೆನ್ನಾಗಿತ್ತು. ಹಕ್ಕಿಗಳು ಹೋದ ಮೇಲೆ ಅವಳಿಗೆ ಓರಗೆಯವರು ಬೇಕಲ್ಲವೇ.

ಹತ್ತಿರದವರನ್ನು ಇತ್ತೀಚೆಗೆ ಕಳೆದುಕೊಂಡ ಮಗುವಿಗೆ ಇದನ್ನು ತೋರಿಸುವವರು ಅಪಘಾತದ ದೃಶ್ಯವಿದೆ ಎಂದು ಮುಂಚೆಯೇ ಹೇಳಿಬಿಡಬೇಕು. ಅಪಘಾತದಲ್ಲೇ ಕಳೆದುಕೊಂಡಿದ್ದರೆ ಸದ್ಯಕ್ಕೆ ತೋರಿಸದಿರುವುದು ಒಳ್ಳೆಯದು. ಪಕ್ಕದಲ್ಲಿ ಕೂತು ನೋಡಿ, ನಡುವೆ ಪಾಠ ಮಾಡಬೇಡಿ. ‘ನೋಡು, ಅವಳೂ ನಿನ್ನ ಹಾಗೇ’ ಎನ್ನುವ ಮಾತಂತೂ ಬೇಡ. ಹೋಲಿಕೆ ಮಗುವಿಗೆ ನಮಗಿಂತ ಮೊದಲೇ ತಿಳಿದಿರುತ್ತದೆ. ಮಗು ಹುಡುಗಿಯ ಬಗ್ಗೆ ಏನೂ ಹೇಳದೆ ಕುಂಟುವ ಈಗರ್ ಬಗ್ಗೆಯೇ ಕೇಳಿದರೆ ಈಗರ್ ಬಗ್ಗೆಯೇ ಮಾತಾಡಿ.

ಮುಂದಿನ ವಸಂತಕ್ಕೆ 16 ಹಕ್ಕಿಗಳೂ ಮರಳಿ ಬಂದವೆಂದು ಚಿತ್ರ ಕೊನೆಯಲ್ಲಿ ಬರಹದಲ್ಲಿ ಹೇಳುತ್ತದೆ. ನಿಜವಾಗಿಯೂ ಎಲ್ಲವೂ ಬಂದವಾ ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಲಿಷ್‌ಮನ್ ಅವರ 18 ಹೆಬ್ಬಾತುಗಳ ಕಥೆ ಹೇಳಬಹುದು. ಹೆಚ್ಚಿನವು ಬಂದವು, ಕೆಲವು ಬರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿ. ಬಾರದವು ಏನಾದವು ಎಂದು ಕೇಳಿದರೆ, ಕೆಲವು ಸತ್ತಿರಬಹುದು ಎನ್ನುವುದಕ್ಕೂ ಹಿಂಜರಿಯಬೇಡಿ. ಸಾವನ್ನು ಕಣ್ಣಾರೆ ಕಂಡ ಮಗು ನಿಮ್ಮಿಂದ ಆ ಮಾತು ಕೇಳಲು ಸಿದ್ಧವಾಗಿರುತ್ತದೆ, ಮತ್ತು ಅಂಥ ಉತ್ತರ ಕೊಟ್ಟವರ ಬಳಿಗೇ ತನ್ನ ಮುಂದಿನ ಪ್ರಶ್ನೆ ತರುತ್ತದೆ.